ದಾಸಮ್ಮನವರ ಹೆಸರಿನ ಕಾಣದ ಅಕ್ಷರ

ತಿಪ್ಪಸಂದ್ರ ಹೋಬಳಿಯ ರೇಷ್ಮೆ ಬೆಳೆಗಾರ್ತಿ ದಾಸಮ್ಮನವರ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದು ಇರುತ್ತದೆಂದು ಗೂಡು ಪೂರ್ವನೋಂದಣಿ ಉಪಕೇಂದ್ರವು ಪ್ರಕಟಿಸಿತು. ನಿಯಂತ್ರಣಾಕ್ಷರವೆಂಬ ಇಂಥದ್ದು ಹೆಸರಿನಲ್ಲಿ ಸಿಕ್ಕಿದರೆ ಹೊಸ ತಂತ್ರಾಂಶವು ಗೂಡು ಮಾರಲು ಬೇಕಾದ ಹರಾಜಿನ ಚೀಟಿ ಕೊಡುವುದಿಲ್ಲ. ಅದು ಎಲ್ಲಿಂದ ಬಂತೆಂಬುದು ಗುಟ್ಟೇನಲ್ಲ. ಆಯುಧಪೂಜೆಗೆ ಆಪರೇಟರ್ ಬೈರೇಶ್ ಕೀಬೋರ್ಡಿಗೆ ಧಾರಾಳವಾಗಿ ಕುಂಕುಮ ಹಚ್ಚಿದ್ದರು. ಖಾಲಿ ಜಾಗ ಬಿಡುವ ಟ್ಯಾಬ್ ಕೀ ಅಂಟಿಕೊಂಡಿತ್ತು. ಮರುದಿನ ಮೊದಲು ಹೆಸರು ಬರೆಸಿದವರು ದಾಸಮ್ಮ.

"ಅಳ್ಸಾಕ್ಬುಡಪ್ಪಾ," ಎಂದರು ದಾಸಮ್ಮ, ಗೂಡಿನ ಚೀಲಗಳ ಪಕ್ಕ ನಿಂತು. "ಇನ್ನೊಸಿ ತಡ ಆದ್ರೆ ಚಿಟ್ಟೆ ಗೂಡು ತೂತು ಮಾಡ್ಕೊಂಡು ಈಚೆಗೆ ಬಂದ್ಬುಡ್ತವೆ. ಆಮೇಲೆ ನೂಲು ಬರಾಕಿಲ್ಲ, ಯಾರೂ ಮೂಸಿ ನೋಡಾಕಿಲ್ಲ."

"ಒಂದ್ ಕೀ ಒತ್ತಿದ್ರೆ ಹೋಯ್ತದೆ ಕಣವ್ವಾ," ಎಂದರು ಬೈರೇಶ್. "ಆದ್ರೆ ಮೇಡಂ ಆರ್ಡರ್ ಆಗ್ಬೇಕಲ್ಲ."

ಮೇಲ್ವಿಚಾರಕಿ ಸುಚಿತ್ರಾ ನಿಯಮ ಓದಿದರು: ಅಳಿಸಬೇಕಾದ ಅಕ್ಷರವನ್ನು ಅರ್ಜಿದಾರರೇ ಬೆರಳಿಟ್ಟು ತೋರಿಸತಕ್ಕದ್ದು, ತಪ್ಪಿದಲ್ಲಿ ಪಂಚರ ಸಮಕ್ಷಮ ಮಹಜರು ನಡೆಸತಕ್ಕದ್ದು.

ದಾಸಮ್ಮ ಪರದೆಯ ಮೇಲೆ ಬೆರಳಿಟ್ಟರು.

"ಅದು ಖಾಲಿ ಜಾಗ ಅಮ್ಮಾ. ಅಕ್ಷರ ತೋರಿಸಿ," ಎಂದರು ಸುಚಿತ್ರಾ.

ಮಹಜರಿಗೆ ಸಾಕ್ಷಿಗಳಾಗಿ ಬಂದ ನೆರೆಹೊಲದ ಕರಿಯಪ್ಪ ಮತ್ತು ನೂಲು ತೆಗೆಯುವ ಇಸ್ರಾರ್ ಕನ್ನಡಕ ಒರೆಸಿಕೊಂಡು ನೋಡಿದರು.

"ಏನೂ ಕಾಣಾಕಿಲ್ಲ ಮೇಡಂ," ಎಂದರು ಕರಿಯಪ್ಪ. ಇಸ್ರಾರರಿಗೂ ಕಾಣಲಿಲ್ಲ.

ಕಾಣದಿರುವುದನ್ನು ಇಬ್ಬರೂ ಖುದ್ದು ಕಂಡಿದ್ದರಿಂದ ಕಾಣದ ಅಕ್ಷರ ಇರುವುದು ಸಾಬೀತಾಯಿತು. ಸಾಬೀತಾದದ್ದನ್ನು ಅಳಿಸಿದರೆ ದಾಖಲೆ ತಿದ್ದಿದ ಅಪರಾಧ. ಹಾಗಾಗಿ ಅಕ್ಷರವನ್ನು ಉಳಿಸಿಕೊಂಡೇ ಚೀಟಿ ಕೊಡಲು ಅನುಮತಿ ಕೋರಿ ಮೇಲಕ್ಕೆ ಬರೆಯಲಾಯಿತು.

ಅನುಮತಿ ಬಂದ ಬೆಳಿಗ್ಗೆಯೇ ಚಿಟ್ಟೆಗಳೂ ಬಂದವು. ಚೀಲಗಳಿಂದ ಹೊರಟು ಕಚೇರಿಯ ತುಂಬ ಹರಿದಾಡಿದವು. ಒಂದು ಸುಚಿತ್ರಾರ ಸೀಲಿನ ಮೇಲೆ ಮೊಟ್ಟೆಯಿಟ್ಟಿತು. ದಾಸಮ್ಮ ತೂತುಬಿದ್ದ ಗೂಡೊಂದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತರು. ಕಚೇರಿ ವೇಳೆಯಾದ್ದರಿಂದ ಹರಾಜಿನ ಚೀಟಿಯನ್ನು ಗೌರವಪೂರ್ವಕವಾಗಿ ಅವರ ಕೈಗಿಡಲಾಯಿತು.

ಅನುಮತಿಯ ಷರತ್ತಿನಂತೆ ಈಗ ಅವರ ಹೆಸರನ್ನು ಪೂರ್ಣವಾಗಿ ಕರೆಯಬೇಕು: ದಾಸಮ್ಮ ಎಂದು ಹೇಳಿ, ಕೊನೆಯ ಅಕ್ಷರಕ್ಕಾಗಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಊರಿನಲ್ಲೂ ಅದೇ ರೂಢಿಯಾಗಿದೆ. ಮೊನ್ನೆ ಗಂಡ ಅಪ್ಪಾಜಿ ಆತುರದಲ್ಲಿ, "ದಾಸಮ್ಮಾ, ಹುಳಕ್ಕೆ ಸೊಪ್ಪು ಹಾಕ್ದ್ಯಾ?" ಎಂದು ಒಂದೇ ಉಸಿರಿಗೆ ಕೇಳಿದರು.

ದಾಸಮ್ಮ ತಿರುಗಿಯೂ ನೋಡಲಿಲ್ಲ. "ಪೂರ್ತಿ ಕರೀರಿ. ಆ ಅಕ್ಷರಕ್ಕೆ ಒಂದು ಬೆಳೆ ಕೊಟ್ಟಿವ್ನಿ."

ಅಪ್ಪಾಜಿ ಮತ್ತೆ ಕರೆದು, ಸುಮ್ಮನೆ ಕಾದರು.