ಟೇಪ್ ರೆಕಾರ್ಡರಿನ ಮೇಲೆ ಗುಮಾನಿ

ಹೆಗಲಿಗೊಂದು ಚೀಲ ಹಾಕಿಕೊಂಡು ಊರೂರು ತಿರುಗುವ ಹೆಂಗಸನ್ನು ನಮ್ಮ ಕಡೆ ಯಾರೂ ಸುಮ್ಮನೆ ನಂಬುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಕೆಲಸ, ಕಣ್ಣು ಕಾಣದ ಮಕ್ಕಳಿಗೆ ಅವರವರ ಊರಿನಲ್ಲೇ ಓದು ಕಲಿಸುವುದು. ಹಾಸನದಲ್ಲಿ ಬಸ್ಸು ಹತ್ತಿದರೆ ಒಂದು ದಿನ ಅರಕಲಗೂಡು, ಇನ್ನೊಂದು ದಿನ ಚನ್ನರಾಯಪಟ್ಟಣ. ಚೀಲದಲ್ಲಿ ಟೇಪ್ ರೆಕಾರ್ಡರು, ಬ್ರೈಲ್ ಪುಸ್ತಕ, ಚುಕ್ಕಿ ಚುಚ್ಚಿ ಬರೆಯುವ ಸ್ಲೇಟು. ಸೀರೆ ಮಾರುವವಳು, ಇನ್ಶೂರೆನ್ಸ್ ಏಜೆಂಟು, ಜನಗಣತಿಯವಳು ಎಂದೆಲ್ಲ ಅಂದುಕೊಂಡರು. ಟೀಚರ್ ಎಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ. ಹೊಳೆನರಸೀಪುರದಾಚೆಯ ಒಂದು ಮನೆಯಲ್ಲಂತೂ ನಾನು ಕಳ್ಳಿಯೇ ಆಗಿಬಿಟ್ಟಿದ್ದೆ. ಈಗ ನಗು ಬರುತ್ತದೆ, ಆಗ ಮೈಯೆಲ್ಲ ಉರಿದಿತ್ತು.

೧. ಸಾಕ್ಷಿ

ಆ ಮನೆಯ ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣದು, ನಾಲಿಗೆ ಮಾತ್ರ ಬಲು ಚುರುಕು. ಅವಳ ತಾತನದು ಒಂದೇ ಹಟ: ಬೇಸಿಗೆ ರಜೆ ಬರುವುದರೊಳಗೆ ಓದಿ ತೋರಿಸಬೇಕು, ಇಲ್ಲದಿದ್ದರೆ ಶಾಲೆ ಬಿಡಿಸುವುದು. ನಾನು ಪಾಠವನ್ನು ಟೇಪು ಮಾಡಿ ಕೇಳಿಸುವುದು, ಅವಳು ಕೇಳುತ್ತಾ ಪುಸ್ತಕದ ಉಬ್ಬು ಚುಕ್ಕಿಗಳ ಮೇಲೆ ಬೆರಳಾಡಿಸುವುದು, ಆಮೇಲೆ ಅವಳು ಓದಿದ್ದನ್ನು ಟೇಪಿನಲ್ಲಿ ಹಿಡಿದು ಅವಳಿಗೇ ಕೇಳಿಸುವುದು. ಇದು ನಮ್ಮ ಅಭ್ಯಾಸ.

ಮೊದಲ ದಿನ ಕೆಂಪು ಗುಂಡಿ ಒತ್ತಿದೆ. ಬೋರ್‌ವೆಲ್ ನೀರಿನ ಸರದಿಗೆ ಕಿತ್ತಾಡುತ್ತಿದ್ದ ಅವಳ ಅಪ್ಪ, ಚಿಕ್ಕಪ್ಪ ಇಬ್ಬರೂ ಗಪ್‌ಚಿಪ್ಪಾದರು. ನಾನು ಕೋರ್ಟಿಗೆ ಸಾಕ್ಷಿ ಹಿಡಿಯಲು ಬಂದವಳೆಂದು ಇಬ್ಬರಿಗೂ ಗುಮಾನಿ. ಕಳಿಸಿದವನು ಎದುರಿಗಿರುವವನೇ ಎಂದು ಒಬ್ಬೊಬ್ಬರಿಗೂ ಖಾತ್ರಿ. ಅಪ್ಪ ಮೆತ್ತಗೆ, ನೀರು ಮೊದಲು ನೀನೇ ಬಿಟ್ಟುಕೋ ಎಂದರು. ಚಿಕ್ಕಪ್ಪ, ಉಂಟೇ, ಹಿರಿಯರು ನೀವು ಎಂದರು.

ಹೊರಡುವಾಗ ಅಜ್ಜಿ ಬಾಗಿಲಿಗೆ ಬಂದು ಕಿವಿಯಲ್ಲಿ ಹೇಳಿದರು: "ದಿನಾ ಬಾ ಕಣವ್ವಾ. ಸೆಲ್ ಮುಗುದೋಗಿದ್ರೂ ಪರವಾಗಿಲ್ಲ, ಅದ ತಂದು ಮಡಗು ಸಾಕು."

೨. ಖಾಲಿ ಪುಸ್ತಕ

ಶಾಲೆಯ ಹೆಡ್‌ಮಾಸ್ಟರು ಬ್ರೈಲ್ ಪುಸ್ತಕವನ್ನು ಬಿಸಿಲಿಗೆ ಹಿಡಿದು ನೋಡಿ, ಇದು ಅಚ್ಚೇ ಆಗಿಲ್ಲ, ಖಾಲಿ ಹಾಳೆ ಕೊಟ್ಟು ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಎಂದರು. ಹುಡುಗಿ ಆ ಖಾಲಿ ಹಾಳೆಯಿಂದಲೇ ಕೆಲವು ಸಾಲು ಓದಿದಳು. ಅನುಮಾನ ಹೋಗುವ ಬದಲು ದೊಡ್ಡದಾಯಿತು. ಜನ್ಮವೆಲ್ಲ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದ ಮನುಷ್ಯ. ಜೇಬಿನಿಂದ ಕರ್ಚೀಪು ತೆಗೆದು ಅವಳ ಕಣ್ಣಿಗೆ ಬಿಗಿಯಾಗಿ ಕಟ್ಟಿ, ಕದ್ದು ನೋಡಬಾರದು, ಈಗ ಓದು ಎಂದರು.

ಹುಡುಗಿ ಬೆರಳಿನಿಂದ ಗಂಟು ಮುಟ್ಟಿ ನೋಡಿಕೊಂಡಳು. "ಕಟ್ಟೋದಾದ್ರೆ ಬೆಳ್ಳು ಕಟ್ಬೇಕು ಸಾ" ಎಂದಳು.

೩. ತಾತನ ಪರೀಕ್ಷೆ

ರಜೆಗೆ ಮುಂಚಿನ ಭಾನುವಾರ ತಾತ ಮನೆಮಂದಿಯನ್ನೆಲ್ಲ ಜಗಲಿಯ ಮೇಲೆ ಕೂರಿಸಿದರು. ಹುಡುಗಿ ಓದತೊಡಗಿದಳು. ತಾತ ಎದ್ದು ಬಂದು, ಪಕ್ಕದಲ್ಲಿದ್ದ ಟೇಪ್ ರೆಕಾರ್ಡರಿನ ಬೆನ್ನು ಬಿಚ್ಚಿ, ಸೆಲ್ಲುಗಳನ್ನೆಲ್ಲ ಕಿತ್ತು ಜೇಬಿಗಿಳಿಸಿದರು. ಹುಡುಗಿ ಓದುತ್ತಲೇ ಇದ್ದಳು. ಬೇರೆ ಸೆಲ್ಲು ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ನನ್ನನ್ನು ಕೇಳಿದರು.

ನನಗೆ ಅಳುವೇ ಬಂತು. ವರ್ಷವಿಡೀ ಕಷ್ಟಪಟ್ಟು ಕಲಿತ ಮಗುವಿನ ಓದು ಈ ಮುದುಕರ ಅನುಮಾನಕ್ಕೆ ನಿಂತುಹೋಗುತ್ತದಲ್ಲ ಎಂದು ಸಂಕಟವಾಯಿತು. ನೀವೇ ಒಂದು ಮಾತು ಹೇಳಿ, ಚುಚ್ಚಿ ಬರೆಯುತ್ತೇನೆ, ಅದನ್ನು ಓದಲಿ ಎಂದೆ.

ತಾತ ಒಪ್ಪಿ ಹುಡುಗಿಯನ್ನು ಹಿತ್ತಲಿಗೆ ಕಳಿಸಿದರು. ಯಾರೂ ಅವಳಿಗೆ ಮೊದಲೇ ಹೇಳಿಕೊಟ್ಟಿರಬಾರದು. ಆದ್ದರಿಂದ ಪ್ರಪಂಚದಲ್ಲಿ ತಮಗೊಬ್ಬರಿಗೇ ಗೊತ್ತಿರುವ ಸಂಗತಿಯೇ ಆಗಬೇಕು. ಬಹಳ ಹೊತ್ತು ಯೋಚಿಸಿ ನನ್ನ ಕಿವಿಯಲ್ಲಿ ಉಸುರಿದರು. ನಾನು ತುಟಿ ಕಚ್ಚಿಕೊಂಡು ಬರೆದೆ.

ಹುಡುಗಿ ಬಂದು ಬೆರಳಾಡಿಸಿ ಎಲ್ಲರೆದುರು ಗಟ್ಟಿಯಾಗಿ ಓದಿದಳು: "ಸಕ್ಕರೆ ಕಾಯಿಲೆ ಅಂತ ಮನೇಲಿ ಸಪ್ಪೆ ಕಾಫಿ ಕುಡಿಯೋ ನಾನು, ಸಂತೆ ದಿನ ಓಟ್ಲಲ್ಲಿ ಮೈಸೂರ್ ಪಾಕು ತಿಂತೀನಿ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ತಾತ ಆ ಕಡೆ ನೋಡದೆ ಸೆಲ್ಲುಗಳನ್ನು ನನ್ನ ಕೈಗೆ ಹಾಕಿದರು.

"ಓದ್ತಾಳೆ ಕಣವ್ವಾ, ಒಪ್ಕಂಡೆ. ಎಲ್ಲೀಗಂಟ ಓದ್ತಾಳೋ ಅಲ್ಲೀಗಂಟ ಓದ್ಸು. ಮನೇಲಿ ಮಾತ್ರ ಬ್ಯಾಡ."