ಆಳಿಲ್ಲದ ಮನೆಗೆ ಬಂದು ಕೂತ ಸರಾಸರಿಯವರಿಗೆ

ಶ್ರೀಮಾನ್ ಸರಾಸರಿಯವರ ಸನ್ನಿಧಾನಕ್ಕೆ, ಉದ್ದನಪಲ್ಲಿಯ ರೈತ ಆವುಲಪ್ಪನು ತಲೆಬಾಗಿ ಸಲ್ಲಿಸುವ ನಮಸ್ಕಾರಗಳು. ಬೆನ್ನು ಹೊಲದ ಕೆಲಸದಿಂದ ಮೊದಲೇ ಬಾಗಿದೆ. ಅದನ್ನೂ ಇದರಲ್ಲೇ ಸೇರಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಅತಿ ಸುಖವೂ ಇಲ್ಲ, ಅತಿ ದುಃಖವೂ ಇಲ್ಲ ಎಂದು ಬಲ್ಲವರು ಹೇಳುತ್ತಾರೆ. ತಮ್ಮ ವಿಳಾಸ ಹುಡುಕಿಕೊಂಡು ಹೊಸೂರು, ಸೂಳಗಿರಿ, ಕೃಷ್ಣಗಿರಿ ಮೂರೂ ಕಡೆ ಅಲೆದೆ. ಎಲ್ಲ ಕಚೇರಿಯಲ್ಲೂ ತಮ್ಮ ಹೆಸರು ಹೇಳಿದರು, ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಸಿಗಲಿಲ್ಲ. ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ವಿಷಯ ನನ್ನ ಮಗಳು ಶಶಿಯದು. ಅವಳಿಗೆ ಹೊಸೂರಿನಲ್ಲಿ ನಾಲ್ಕು ವರ್ಷದ ನರ್ಸಿಂಗ್ ಓದಿಗೆ ಸೀಟು ಸಿಕ್ಕಿದೆ. ಅಲ್ಲಿಯೇ ಒಂದು ಧರ್ಮಸಂಸ್ಥೆಯ ಹಾಸ್ಟೆಲ್ ಇದ್ದು, ತಿಂಗಳಿಗೆ ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಬರುವ ಮನೆಯ ಹೆಣ್ಣುಮಕ್ಕಳಿಗೆ ಊಟ ವಸತಿ ಉಚಿತ. ನಮಗೆ ಹೂವು ಹಾಲು ಎಲ್ಲಾ ಸೇರಿ ಹದಿನಾಲ್ಕು ಸಾವಿರ ಬಂದರೆ ಆ ತಿಂಗಳು ಹಬ್ಬ. ಆದರೆ ಸಂಸ್ಥೆಯವರು ನನ್ನ ಮಾತು ನಂಬದೆ ಹೋದ ವರ್ಷದ ಆದಾಯ ಸಮೀಕ್ಷೆಯ ಪಟ್ಟಿ ತೆಗೆದು ನೋಡಿದರು. ಅದರಲ್ಲಿ ನಮ್ಮ ಮನೆಯ ಆದಾಯ ತಿಂಗಳಿಗೆ ಅರವತ್ತೊಂದು ಸಾವಿರದ ನಾನೂರು ರೂಪಾಯಿ, ಮನೆಯಲ್ಲಿರುವ ಜನ ಸೊನ್ನೆ. ಶಶಿಯ ಅರ್ಜಿ ಎರಡು ಕಾರಣಕ್ಕೆ ಬಿದ್ದುಹೋಯಿತು: ಅವಳು ಶ್ರೀಮಂತರ ಮಗಳು, ಮತ್ತು ಅವಳು ಇಲ್ಲ.

ಇದು ಹೇಗಾಯಿತೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ಸಮೀಕ್ಷೆಗೆ ಬಂದಿದ್ದ ಸುಬ್ರಮಣಿಯವರು ತಿರುನೆಲ್ವೇಲಿ ಕಡೆಯವರು, ಬಲು ಮರ್ಯಾದಸ್ಥರು. ನಾವು ಕನ್ನಡದವರೆಂದು ತಿಳಿದು, ತಮಿಳಿನಲ್ಲಿ ಕೇಳಿದ್ದರೆ ನಮ್ಮಮ್ಮನಿಗೆ ಸಲೀಸಾಗಿ ಅರ್ಥವಾಗುತ್ತಿದ್ದುದನ್ನು, ಸೌಜನ್ಯಕ್ಕೆಂದು ಕಷ್ಟಪಟ್ಟು ಕನ್ನಡದಲ್ಲಿ ಕೇಳಿದರು: “ಪಾಟಿ, ಮನೇಲಿ ಎಷ್ಟು ಆಳು?” ತಮಿಳಿನಲ್ಲಿ ಪಾಟಿ ಎಂದರೆ ಅಜ್ಜಿ, ಆಳು ಎಂದರೆ ಮನುಷ್ಯರು; ನಮ್ಮ ಕನ್ನಡದಲ್ಲಿ ಆಳೆಂದರೆ ಕೂಲಿಗಿಟ್ಟುಕೊಂಡವರು. ನಮ್ಮಮ್ಮ ದೊಡ್ಡಮುನಿಯಮ್ಮನಿಗೆ ರೋಷ ಬಂತು. “ಆಳಾ? ನಮ್ಮನೇಗೆ ಆಳ್ಗೀಳು ಎಲ್ಲಿಂದ ಬತ್ತಾರಪ್ಪ? ಒಂದಾಳೂ ಇಲ್ಲ, ನಮ್ ಗೇಮೆ ನಾವೇ ಗೇಯ್ಕಂತೀವಿ” ಎಂದಳು. ಅವರು ಗಾಬರಿಯಾಗಿ ಇನ್ನೊಮ್ಮೆ ಕೇಳಿದ್ದಕ್ಕೆ, “ನಿನ್ನಾಣೆ ಇಲ್ಲ ಕಣಪ್ಪ! ಇದ್ದಿದ್ರೆ ಈ ವಯಸ್ನಲ್ಲಿ ನಾನ್ಯಾಕೆ ಹಸಕ್ಕೆ ಹುಲ್ ಹಾಕ್ತಿದ್ದೆ?” ಎಂದು ಆಣೆ ಬೇರೆ ಇಟ್ಟಳು. ಪಾಪ, ಸುಬ್ರಮಣಿಯವರು ಈಕೆ ಯಾರೋ ಪಕ್ಕದ ಮನೆಯ ಅಜ್ಜಿ, ಖಾಲಿ ಮನೆಯ ಹಸು ನೋಡಿಕೊಳ್ಳಲು ಬಂದಿದ್ದಾಳೆ ಎಂದುಕೊಂಡು ಸೊನ್ನೆ ಒತ್ತಿದರು. ಆದಾಯ ಎಷ್ಟೆಂದು ಕೇಳಿದ್ದಕ್ಕೆ, “ಬತ್ತದೆ, ಹೋಯ್ತದೆ, ನಿಂತಿದ್ ನಾ ಕಾಣೆ” ಎಂಬ ಉತ್ತರ ಬಂತು. ಅದನ್ನು ಬರೆಯಲು ಅವರ ಟ್ಯಾಬ್‌ನಲ್ಲಿ ಜಾಗವಿರಲಿಲ್ಲವಾಗಿ ಖಾಲಿ ಬಿಟ್ಟರು.

ಮುಂದಿನ ಉಪಕಾರ ತಮ್ಮದು. ಕೃಷ್ಣಗಿರಿಯಲ್ಲಿ ಈ ಅಂಕಿ ಅಂಶಗಳನ್ನು ನೋಡಿಕೊಳ್ಳುವ ಮಾಲಿನಿ ಮೇಡಂ ನನಗೆ ಬಿಡಿಸಿ ಹೇಳಿದರು: “ಆದಾಯದ ಕಾಲಂ ಖಾಲಿ ಬಿಡೋಹಾಗಿಲ್ಲಪ್ಪ, ಖಾಲಿ ಇದ್ದ ಕಡೆಯೆಲ್ಲ ಸುತ್ತಮುತ್ತಲ ಸರಾಸರಿ ತುಂಬಿದೀವಿ.” ಜನದ ಕಾಲಂನಲ್ಲಿ ಸೊನ್ನೆ ಇತ್ತಲ್ಲ, ಸೊನ್ನೆ ಖಾಲಿಯಲ್ಲವಂತೆ, ಅದಕ್ಕೆ ಅದು ಹಾಗೆಯೇ ಉಳಿಯಿತು. ಒಟ್ಟಿನಲ್ಲಿ ಯಾರೂ ಇಲ್ಲದ ನಮ್ಮ ಮನೆಗೆ ತಾವೇ ಖುದ್ದು ದಯಮಾಡಿಸಿದ್ದೀರಿ.

ತಮ್ಮ ಮಹಿಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಸೂಳಗಿರಿ ಬಳಿಯ ಹೊಸ ಬಡಾವಣೆಯಲ್ಲಿರುವ ಕಾರ್ಖಾನೆ ಮ್ಯಾನೇಜರರ ಮೂರೂವರೆ ಲಕ್ಷವನ್ನೂ ನನ್ನ ಭಾವಮೈದುನ ಸೊಣ್ಣಪ್ಪನ ಒಂಬತ್ತು ಸಾವಿರವನ್ನೂ ಕೂಡಿಸಿ ಎರಡು ಪಾಲು ಮಾಡಿದರೆ, ಇಬ್ಬರಿಗೂ ತಲಾ ಒಂದು ಲಕ್ಷದ ಎಪ್ಪತ್ತೊಂಬತ್ತು ಸಾವಿರದ ಐನೂರು ಬರುತ್ತದಂತೆ. ಯಾವ ಸರಕಾರದ ಕೈಲೂ ಆಗದ ಸಮಾನತೆಯನ್ನು ತಾವು ಒಂದು ಗೆರೆ ಎಳೆದು ಸಾಧಿಸಿದಿರಿ. ಸೊಣ್ಣಪ್ಪನಿಗೆ ಸುದ್ದಿ ಮುಟ್ಟಿಸಿದಾಗ ಅವನು ಬೀಡಿ ಆರಿಸಿ, “ಮಿಕ್ಕಿದ್ದು ಯಾವತ್ತು ಕೊಡ್ತಾರಂತೆ ಭಾವ?” ಎಂದು ಕೇಳಿದ. ಏನು ಹೇಳಲಿ, ತಾವೇ ತಿಳಿಸಬೇಕು.

ಆ ಸಮೀಕ್ಷೆಯ ವರದಿಯ ಪ್ರಕಾರ ಒಂದು ಮನೆಯಲ್ಲಿ ಮೂರು ದಶಾಂಶ ಏಳು ಜನ ಇರಬೇಕಂತೆ. ನಾನು, ನನ್ನ ಹೆಂಡತಿ ಲಕ್ಷ್ಮಿದೇವಮ್ಮ, ಅಮ್ಮ, ಶಶಿ ಸೇರಿ ನಾವು ನಾಲ್ವರು ಸ್ವಲ್ಪ ಹೆಚ್ಚಾಗಿದ್ದೇವೆ, ಕ್ಷಮಿಸಬೇಕು. ಹೆಚ್ಚಾದ ಸೊನ್ನೆ ದಶಾಂಶ ಮೂರನ್ನು ಬಿಟ್ಟುಕೊಡಲು ಅಮ್ಮ ತಯಾರಿದ್ದಾಳೆ: “ನನ್ ಮಂಡಿ ಎರಡೂ ತಕ್ಕೊಂಡೋಗ್ಲಿ, ಅವೇನೂ ಕೆಲ್ಸಕ್ ಬರಾಕಿಲ್ಲ.” ತಮ್ಮವರು ಯಾವಾಗ ಬೇಕಾದರೂ ಬಂದು ಒಯ್ಯಬಹುದು.

ಇನ್ನು ನನ್ನ ಸಣ್ಣ ಕೋರಿಕೆಗಳು. ತಾವು ನಮ್ಮ ಮನೆಯಲ್ಲೇ ಇದ್ದು ತಿಂಗಳಿಗೆ ಅರವತ್ತೊಂದು ಸಾವಿರದ ನಾನೂರು ದುಡಿಯುತ್ತಿರುವುದರಿಂದ, ಅದರಲ್ಲಿ ಹಾಸ್ಟೆಲಿನ ಫೀಸಿಗಾಗುವಷ್ಟನ್ನು ಗೋಡೆಯ ಗೂಡಿನಲ್ಲಿಟ್ಟು ಹೋಗಬೇಕು. ಆಗದಿದ್ದರೆ ಶಶಿ ಈಗ ದಿನಾ ಹಿಡಿಯುವ ಬೆಳಗಿನ ಐದೂ ಮುಕ್ಕಾಲರ ಬಸ್ಸಿನಲ್ಲಿ ಅವಳ ಜೊತೆ ಹೊಸೂರಿಗೆ ಹೋಗಿ ಬರಬೇಕು. ದಾರಿಯಲ್ಲಿ ಸಾನಮಾವು ಕಾಡು ಸಿಗುತ್ತದೆ. ಹೆದರಬೇಡಿ, ಅಲ್ಲಿಯೂ ತಮ್ಮದೇ ಆಡಳಿತ. ಚದರ ಕಿಲೋಮೀಟರಿಗೆ ಅರ್ಧ ಆನೆ ಇರಬಹುದೆಂದು ಯಾರೋ ಲೆಕ್ಕ ಹಾಕಿದ್ದಾರೆ. ಅದು ಮುಂದಿನ ಅರ್ಧವೋ ಹಿಂದಿನ ಅರ್ಧವೋ ಎಂದು ಮೊದಲೇ ತಿಳಿಸಿದರೆ ಬಸ್ಸಿನವರಿಗೂ ಅನುಕೂಲ.

ತಮಾಷೆ ಸಾಕು, ಮಾನ್ಯರೇ. ನನಗೆ ಭಯವಾಗುತ್ತಿದೆ. ಹೋದ ತಿಂಗಳು ಅದೇ ರಸ್ತೆಯಲ್ಲಿ ಆನೆಗಳು ದಾಟುವವರೆಗೂ ಬಸ್ಸು ಒಂದು ಗಂಟೆ ನಿಂತಿತ್ತು, ಒಳಗೆ ಶಶಿ ಇದ್ದಳು. ಮನೆಗೆ ಬಂದವಳು ಏನೂ ಆಗಲಿಲ್ಲ ಅಪ್ಪ ಎಂದು ನಕ್ಕಳು. ಅವಳ ಕೈ ತಣ್ಣಗಿತ್ತು. ಅವಳು ಓದು ಬಿಡುವವಳಲ್ಲ, ನಾನು ಬಿಡಿಸುವವನೂ ಅಲ್ಲ. ತಪ್ಪು ತಿದ್ದಿಸೋಣವೆಂದು ಅರ್ಜಿ ಹಿಡಿದು ಹೋದರೆ, ಅದಕ್ಕೆ ಮನೆಯವರೊಬ್ಬರ ಸಹಿ ಬೇಕು, ಮನೆಯವರೇ ಇಲ್ಲವೆಂದು ದಾಖಲೆಯಿದೆ ಎಂದು ಮಾಲಿನಿ ಮೇಡಂ ತಲೆ ಚಚ್ಚಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಟೀ ಕುಡಿಸಿ ಕಳಿಸಿದರು. ಸಿಟ್ಟಿರುವುದೆಲ್ಲ ತಮ್ಮ ಮೇಲೆ.

ಇಲ್ಲದ ಮನೆಯಿಂದ, ಇಲ್ಲದ ಕೈಯಿಂದ ಬರೆದ,
ತಮ್ಮ ವಿಶ್ವಾಸಿ,
ಆವುಲಪ್ಪ

ತಾ.ಕ.: ಪತ್ರ ಮುಗಿಸುವ ಹೊತ್ತಿಗೆ ಸುಬ್ರಮಣಿಯವರೇ ರಜೆ ಹಾಕಿ ಮನೆಗೆ ಬಂದರು. ಅಮ್ಮನ ಕಾಲು ಮುಟ್ಟಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸಿ ನಾಲ್ಕು ಎಂದು ಬರೆದು, ಸಾಕ್ಷಿ ಸಹಿಯನ್ನೂ ಅವರೇ ಹಾಕಿದರು. ತಿದ್ದುಪಡಿ ಸ್ವೀಕಾರವಾಗಿದೆ, ಮುಂದಿನ ಸಮೀಕ್ಷೆಯಲ್ಲಿ ಸೇರಿಸುತ್ತಾರಂತೆ. ಮುಂದಿನ ಸಮೀಕ್ಷೆ ಇನ್ನು ಐದು ವರ್ಷಕ್ಕೆ. ಅಷ್ಟರಲ್ಲಿ ಶಶಿ ನರ್ಸ್ ಆಗಿರುತ್ತಾಳೆ. ತಮಗೇನಾದರೂ ಕಾಯಿಲೆಯಾದರೆ ಸಂಕೋಚವಿಲ್ಲದೆ ಅವಳ ಆಸ್ಪತ್ರೆಗೇ ಬನ್ನಿ. ಅವಳು ಹಾಸಿಗೆಯಲ್ಲಿ ಯಾರಿದ್ದಾರೆಂದು ನೋಡಿದ ಮೇಲೆಯೇ ಬರೆದುಕೊಳ್ಳುವವಳು.