ಮನೆಗೆ ಬುದ್ಧಿ ಕಲಿಸಲು ಹೊರಟ ಮೈದುನ

ಹೊತ್ತು ಗೊತ್ತು ಅನ್ನುವವು ನಮ್ಮ ಮೈದುನನನ್ನು ದೂರದಿಂದ ಕಂಡರೂ ಸಾಕು, ಪಕ್ಕದ ಓಣಿ ಹಿಡಿದು ಹೋಗಿಬಿಡುತ್ತವೆ! ಇದು ನನ್ನ ಮಾತಲ್ಲ, ಅವನನ್ನು ಹೆತ್ತ ನಮ್ಮ ಅತ್ತೆಯವರ ಮಾತು. ಹೆತ್ತವರೇ ಹೀಗಂದ ಮೇಲೆ ಅಲ್ಲ ಅನ್ನಲು ಅವನ ಅಣ್ಣನ ಹೆಂಡತಿ, ವೈನಿಯಾದ ನಾನು ಯಾರು?

ಸಾಕ್ಷಿ ಬೇಕೆ? ಹಾವೇರಿಯಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ತೀರಿಕೊಂಡಾಗ ಮಾತಾಡಿಸಿ ಬರಲು ಹೋಗಿದ್ದೆವು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಕೂತಿದ್ದಾರೆ. ಇವನು ಗೋಡೆಗೆ ಒರಗಿ ಮೇಲೆ ನೋಡುತ್ತಲೇ ಇದ್ದಾನೆ. ಪಾಪ, ಕಣ್ಣೀರು ತಡೆಯಲು ಒದ್ದಾಡುತ್ತಿದ್ದಾನೆ ಅಂದುಕೊಂಡೆವು. ಕಡೆಗೆ ಎದ್ದು, ತೀರಿಕೊಂಡವರ ಮಗನ ಕೈ ಹಿಡಿದು ಕೇಳಿದ: "ಈ ಫ್ಯಾನಿಗೆ ರೆಗ್ಯುಲೇಟರ್ ಯಾರು ಕೂಡ್ಸ್ಯಾರ್ರಿ? ಭಾಳ ಚಲೋ ಕೂಡ್ಸ್ಯಾರ!"

ಇನ್ನೊಮ್ಮೆ ನಾನೇ ಮುಂದಾಗಿ ನನ್ನ ತವರೂರು ರಾಣೇಬೆನ್ನೂರಿಗೆ ಕನ್ಯೆ ನೋಡಲು ಕರೆದುಕೊಂಡು ಹೋಗಿದ್ದೆ. ಹುಡುಗಿ ಅವಲಕ್ಕಿಯ ತಟ್ಟೆ ಹಿಡಿದು ಬಂದು ನಿಂತಾಗ ವರ ಮಹಾಶಯ ಬಾಗಿಲ ಬಳಿ ಸ್ಟೂಲು ಹತ್ತಿ ಅವರ ಮನೆಯ ಕರೆಗಂಟೆ ಬಿಚ್ಚುತ್ತಿದ್ದ. ಬಸ್ಸಿನಲ್ಲಿ ಬರುವಾಗ "ಹುಡುಗಿ ಹೆಂಗ ಅನಿಸಿದ್ಲೋ?" ಅಂದೆ. "ಯಾವ ಹುಡುಗಿ ವೈನಿ?" ಅಂದ!

ಇಂಥವನು ಹಾವೇರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಬ್ಯಾಡಗಿಯ ವ್ಯಾಪಾರಸ್ಥರು ಕೈಯಲ್ಲಿ ಮೊಬೈಲು ಹಿಡಿದೂ, ಅದರ ಮೇಲೆ ಭರವಸೆ ಸಾಲದೆ, ಹುಬ್ಬಳ್ಳಿಗೆ ನೇರವಾಗಿ ಕೇಳುವಂತೆ ಕೂಗುತ್ತಿದ್ದ ಕಾಲ. ಒಂದು ದಿನ ಊಟಕ್ಕೆ ಕೂತಾಗ ಪಿಎಚ್.ಡಿ. ಮಾಡುತ್ತೇನೆ ಅಂದ. ವಿಷಯ ಏನು ಗೊತ್ತೆ? ಸಂದರ್ಭ ಅರಿತು ನಡೆದುಕೊಳ್ಳುವ ಮನೆ, ಮತ್ತು ಅದಕ್ಕೆ ಬೇಕಾದ ಮಿಡಲ್‌ವೇರ್! ರೊಟ್ಟಿ ನೀಡುತ್ತಿದ್ದ ಅತ್ತೆಯವರ ಕೈ ಅಲ್ಲೇ ನಿಂತಿತು. "ಮೊದ್ಲ ನೀ ಅರೀಪಾ, ಆಮ್ಯಾಲ ಮನಿಗೆ ಕಲಸಂತಿ" ಅಂದರು.

ಮಾವನವರದು ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಅವರಿಗೆ ಯಾವುದನ್ನೂ ಪೂರ್ತಿ ತಿಳಿಯದೆ ಬಿಟ್ಟು ಗೊತ್ತಿಲ್ಲ. "ಮಿಡಲ್‌ವೇರ್ ಅಂದ್ರ ಏನಲೇ?" ಅಂದರು.

"ನೋಡಪ್ಪಾ, ಬಾಗಲದಾಗ, ಗ್ವಾಡಿಗೆ ಸಣ್ಣ ಸಣ್ಣ ಸೆನ್ಸರ್ ಇರ್ತಾವು. ಯಾರು ಬಂದ್ರು, ಎಷ್ಟು ಸೆಕಿ ಐತಿ, ಏನು ಸಪ್ಪಳ ಆತು, ಅವಕ್ಕ ತಿಳೀತೈತಿ. ಈ ಕಡೆ ಫ್ಯಾನು, ಲೈಟು, ಗಂಟಿ. ಕೆಲಸ ಮಾಡಾವು ಇವು. ಆದ್ರ ಅವುಗಳ ಮಾತು ಇವಕ್ಕ ತಿಳಿಯಂಗಿಲ್ಲ. ನಡುವ ಒಬ್ಬಾವ ಬೇಕು. ಎಲ್ಲಾರದೂ ಕೇಳಿ, ಯಾರಿಗೆ ಎಷ್ಟು ಬೇಕೋ ಅಷ್ಟ ಹೇಳಾವ."

"ದಲಾಲ ಅನ್ನಲೇ ಮತ್ತ!" ಮಾವನವರ ಮುಖ ಅರಳಿತು. ರೈತನಿಗೂ ಖರೀದಿದಾರನಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದರಲ್ಲೇ ಅವರ ಕೂದಲು ನೆರೆತಿತ್ತು. "ಹಂಗಾದ್ರ ಕಮಿಷನ್ ಹೆಂಗ?"

"ಕಮಿಷನ್ ಇರಂಗಿಲ್ಲಪ್ಪಾ."

"ಕಮಿಷನ್ ಇಲ್ದ ನಡುವ ಯಾಕ ನಿಂದರತೈತಿ ಅದು?" ಮಾವನವರಿಗೆ ಆ ಪಿಎಚ್.ಡಿ. ಮೇಲಿನ ಗೌರವ ಅಲ್ಲಿಗೇ ಅರ್ಧ ಇಳಿಯಿತು.

ಇಲ್ಲಿ ನನ್ನದೊಂದು ಸಂಗತಿ ಹೇಳಿಬಿಡಬೇಕು. ಆ ಹೊತ್ತಿಗೆ ನನ್ನ ಕಿವಿ ಮಂದವಾಗಿತ್ತು. ಮಗಳು ಹುಟ್ಟಿದ ಮೇಲೆ ಬಲಗಿವಿ ಪೂರ್ತಿ ಬಾಗಿಲು ಹಾಕಿಕೊಂಡಿತು, ಎಡಗಿವಿ ಅರ್ಧ ಮುಚ್ಚಿತ್ತು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ! ಹೇಳಿದರೆ 'ರಾಣೇಬೆನ್ನೂರಿನವರು ನಮಗ ಕಿವುಡೀನ ಕಟ್ಟಿದ್ರು' ಅನ್ನುವ ಮಾತು ನನ್ನ ಅಪ್ಪನ ಮೇಲೆ ಬರುತ್ತದೆ ಅಂತ ಅಂಜಿಕೆ. ಎದುರಿಗಿದ್ದವರ ತುಟಿ ನೋಡಿ, ಅವರು ನಕ್ಕಲ್ಲಿ ನಕ್ಕು, ಅವರು ಲೊಚಗುಟ್ಟಿದಲ್ಲಿ ನಾನೂ ಲೊಚಗುಟ್ಟಿ ಹೇಗೋ ಸಂಸಾರ ಸಾಗಿಸಿದ್ದೆ. ಆದರೆ ಕೂಸಿನ ವಿಷಯದಲ್ಲಿ ಈ ಆಟ ನಡೆಯಬೇಕಲ್ಲ! ಒಳಕೋಣೆಯ ತೊಟ್ಟಿಲಲ್ಲಿ ಅದು ಅತ್ತರೆ ಅಡಿಗೆಮನೆಯಲ್ಲಿದ್ದ ನನಗೆ ತಿಳಿಯುತ್ತಿರಲಿಲ್ಲ. ರೊಟ್ಟಿ ಬಡಿಯುವುದು ಬಿಟ್ಟು ಬಿಟ್ಟು ಓಡಿ ಹೋಗಿ ನೋಡಿ ಬರುತ್ತಿದ್ದೆ. ಒಮ್ಮೆ ಹೋಗಿ ನೋಡಿದರೆ ಅತ್ತು ಅತ್ತು ದನಿ ಸೋತು ಬಿಕ್ಕುತ್ತಿದೆ. ಹಿಂದೆಯೇ ಬಂದ ಅತ್ತೆಯವರು, "ಹಡದ ತಾಯಿಗೆ ಕೂಸಿನ ಅಳು ಕೇಳಂಗಿಲ್ಲಂದ್ರ ಏನನ್ನೂಣು!" ಅಂದರು. ಆ ಮಾತು ಮಾತ್ರ ನನಗೆ ಸರಿಯಾಗಿ ಕೇಳಿಸಿತು. ಅವತ್ತು ಮಗುವನ್ನು ಎದೆಗೆ ಒತ್ತಿಕೊಂಡು ನಾನೂ ಬಹಳ ಹೊತ್ತು ಅತ್ತೆ.

ಇರಲಿ, ಮೈದುನನ ಕಡೆ ಬರೋಣ. ಅವನು ಮನೆ ತುಂಬ ತಂತಿ ಎಳೆದ. ಯಾರು ಯಾವ ಕೋಣೆಯಲ್ಲಿದ್ದಾರೆ ಎಂದು ಮನೆಗೆ ತಿಳಿಯಬೇಕಲ್ಲ, ಅದಕ್ಕೆ ಎಲ್ಲರಿಗೂ ಒಂದೊಂದು ಬಿಲ್ಲೆ ಕೊಟ್ಟ. ನಾನು ನನ್ನದನ್ನು ಕೀಲಿಕೈ ಗೊಂಚಲಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಾವನವರು ತಮ್ಮದನ್ನು ಅಂಗಡಿಯಲ್ಲೇ ಮರೆತು ಬಂದು, ಮನೆಯ ಲೆಕ್ಕದಲ್ಲಿ ಎಷ್ಟೋ ದಿನ ಕಾಣೆಯಾಗಿದ್ದರು!

ಹೊಸಲಿನಲ್ಲಿ ಒಂದು ಚಾಪೆ ಹಾಸಿದ. ಬಿಲ್ಲೆಯಿಲ್ಲದವರು ಅದರ ಮೇಲೆ ನಿಂತರೆ ತೂಕ ನೋಡಿ ಇಂಥವರು ಅಂತ ಮನೆ ತಾನೇ ಹೇಳಬೇಕು. ಭಾರಿ ಆಳಾದರೆ, ಅಂದರೆ ನನ್ನ ಅಪ್ಪನ ತೂಕದವರಾದರೆ, ಮೈದುನನದೇ ದನಿಯಲ್ಲಿ "ಬೀಗರು ಬಂದಾರ, ಚಹಾ ಇಡ್ರಿ" ಅನ್ನುತ್ತಿತ್ತು. ಒಂದು ಮುಂಜಾನೆ ಅಂಗಡಿಯ ಹಮಾಲ ಮೆಣಸಿನಕಾಯಿ ಚೀಲಗಳನ್ನು ಒಂದರ ಮೇಲೊಂದು ಆ ಚಾಪೆಯ ಮೇಲೆಯೇ ಒಟ್ಟಿ ಬೀಡಿ ಸೇದಲು ಹೋದ. ಮನೆ ಬೀಗರು ಬಂದಾರ, ಬೀಗರು ಬಂದಾರ ಅಂತ ಒಂದೇ ಸಮನೆ ಬಡಕೊಳ್ಳತೊಡಗಿತು. ಜಳಕದಿಂದ ಎದ್ದು ಬಂದ ಅತ್ತೆಯವರು ಗಡಿಬಿಡಿಯಲ್ಲಿ ಚಹಾಕ್ಕಿಟ್ಟು, ತಲೆ ಮೇಲೆ ಸೆರಗು ಹೊದ್ದು, "ಬರ್ರಿ, ಕುಂದ್ರಿ, ಯಾವಾಗ ಬಂದ್ರಿ?" ಅಂತ ಹೊರಗೆ ಬಂದರು. ಚೀಲಗಳು ಏನು ಹೇಳಬೇಕು?

ಇದನ್ನು ಹೇಗೋ ಸಹಿಸಿಕೊಂಡರು. ಆದರೆ ಖಾರದ ಪುಡಿಯ ದಿನ ಆದದ್ದನ್ನು ಸಹಿಸುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ. ಪಡಸಾಲೆಯಲ್ಲಿ ಸಪ್ಪಳ ಜಾಸ್ತಿಯಾದರೆ ಮಂದಿ ಕೂಡಿದ್ದಾರೆ, ಸೆಕೆಯಾಗುತ್ತದೆ, ಫ್ಯಾನು ಹಾಕು ಅಂತ ಇವನು ಮನೆಗೆ ಕಲಿಸಿದ್ದ. ಇದನ್ನು ಯಾವುದೋ ಪರದೇಶದ ಪುಸ್ತಕದಲ್ಲಿ ಓದಿಕೊಂಡಿದ್ದನಂತೆ. ಆ ದೇಶದವರು ಪಡಸಾಲೆಯಲ್ಲಿ ಖಾರ ಹರವುತ್ತಾರೆಯೆ? ವರ್ಷದ ಖಾರ ಕುಟ್ಟಿಸಿ ತಂದು ಬಿಳಿ ಧೋತರದ ಮೇಲೆ ಹರವಿದ್ದೆವು. ಅತ್ತೆಯವರು ಒಂದು ಸೀನಿದರು. ನಾನೊಂದು ಸೀನಿದೆ. ಮಾವನವರ ಸೀನು ಸ್ಟೇಷನ್ನಿಗೆ ಕೇಳುವಂಥದು. ಆಹಾ, ಮಂದಿ ಕೂಡಿದರು ಅಂತ ಮನೆಗೆ ಹಿಗ್ಗು! ಫ್ಯಾನು ತಿರುಗಿತು. ಖಾರ ಎದ್ದಿತು. ಎಲ್ಲರೂ ಒಟ್ಟಿಗೆ ಸೀನಿದೆವು. ಇನ್ನೂ ಮಂದಿ ಬಂದರಲ್ಲ ಅಂತ ಮನೆ ಇನ್ನೊಂದು ಫ್ಯಾನು ಹಾಕಿತು! ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವವರನ್ನು ಅವತ್ತು ನಮ್ಮ ಪಡಸಾಲೆಯಲ್ಲಿ ಕೂಡಿಸಬೇಕಿತ್ತು. ಕಣ್ಣು ಮುಚ್ಚಿ, ಗೋಡೆ ಹಿಡಿದು, ಒಬ್ಬರ ಮೇಲೊಬ್ಬರು ಬೀಳುತ್ತ ನಾವೆಲ್ಲ ಬೀದಿಗೆ ಬಂದೆವು.

ಬೀದಿಯಲ್ಲೇ ಅತ್ತೆಯವರ ತೀರ್ಪಾಯಿತು. "ಬಾಯಿ ಇರೂದೂ ಬ್ಯಾಡ, ಗಾಳಿ ಬಿಡೂದೂ ಬ್ಯಾಡ. ನನ್ನ ಮನಿ ಶಾಣ್ಯಾ ಆಗೂದ ಬ್ಯಾಡ. ದಡ್ಡ ಇದ್ರೂ ನಡೀತೈತಿ!" ಬಹಳ ಅಂಗಲಾಚಿದ ಮೇಲೆ, ಬರೀ ದೀಪಗಳ ಮೇಲೆ ಏನು ಬೇಕಾದರೂ ಮಾಡಿಕೋ ಅಂತ ಬಿಟ್ಟರು.

ಆಮೇಲೆ ದೀಪಗಳ ಕಾಟ ಶುರುವಾಯಿತು. ಸುಮ್ಮನೆ ಉರಿಯುವ ದೀಪ ಇದ್ದಕ್ಕಿದ್ದಂತೆ ಕಣ್ಣು ಮಿಟುಕಿಸುವುದು. ಮಾವನವರು ದಾಡಿ ಮಾಡಿಕೊಳ್ಳುವಾಗ ದೀಪ ಮಿಟುಕಿದ್ದಕ್ಕೆ ಗಲ್ಲ ಕೊಯ್ದುಕೊಂಡರು. "ಲೇ, ಇದನ್ನಾರ ನೆಟ್ಟಗ ಮಾಡಲೇ" ಅಂದರೆ ಇವನು ತಲೆ ಕೆರೆದುಕೊಂಡು, "ಏನೋ ದೋಷ ಐತಪ್ಪಾ, ಹುಡುಕಾಕತ್ತೇನಿ" ಅನ್ನುತ್ತಿದ್ದ. ದೋಷ ಸಿಗಲೇ ಇಲ್ಲ. ಎಂಥಾ ಪಿಎಚ್.ಡಿ.ನೋ, ಒಂದು ಬಲ್ಬು ನೆಟ್ಟಗೆ ಉರಿಸಲು ಬರುವುದಿಲ್ಲ ಅಂತ ಓಣಿಯೆಲ್ಲ ನಕ್ಕಿತು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು.

ನನಗೆ ಮಾತ್ರ ಬೇರೆಯೇ ಒಂದು ಅನುಭವವಾಗತೊಡಗಿತ್ತು. ದೀಪ ಮಿಟುಕಿದಾಗ ಯಾಕೋ ಮನಸ್ಸು ತಡೆಯದೆ ಹೋಗಿ ನೋಡಿದರೆ ಕೂಸು ಎದ್ದು ಅಳುತ್ತಿರುತ್ತಿತ್ತು. ನಾನು ಕದರಮಂಡಲಗಿಯ ಆಂಜನೇಯನಿಗೆ ಹರಕೆ ಹೊತ್ತಿದ್ದೆ. ನನ್ನ ಕಿವಿ ಹೋದರೆ ಹೋಗಲಿ, ಮಗುವಿನ ಅಳು ಒಂದು ತಿಳಿಸಪ್ಪಾ ಅಂತ. ದೇವರು ದೊಡ್ಡವನು, ನಲವತ್ತು ವ್ಯಾಟಿನ ಬಲ್ಬಿನಲ್ಲಿ ಬಂದ ಅಂತ ಕೈ ಮುಗಿದೆ! ಎರಡು ಶನಿವಾರ ಹೋಗಿ ಕಾಯಿ ಒಡೆಸಿಕೊಂಡೂ ಬಂದೆ.

ಆದರೆ ಆಂಜನೇಯ ನನ್ನ ಹಿಂದೆಯೇ ಯಾಕೆ ತಿರುಗಬೇಕು? ನಾನು ಅಡಿಗೆಮನೆಯಲ್ಲಿದ್ದರೆ ಅಲ್ಲಿಯ ದೀಪ, ಹಿತ್ತಲಿಗೆ ಹೋದರೆ ಹಿತ್ತಲಿನದು. ಮಾವನವರ ಗಲ್ಲ ಕೊಯ್ದ ದಿನವೂ ನಾನು ಅಲ್ಲೇ ಪಕ್ಕದಲ್ಲಿ ಕಸ ಹೊಡೆಯುತ್ತಿದ್ದೆನಲ್ಲ! ಸೊಂಟದ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡೆ. ತೊಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಗುಂಡಿಯಷ್ಟು ದೊಡ್ಡ ಒಂದು ಮೈಕು ಅಂಟಿಸಿದ್ದ. ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವವರಿಗೆ ತಿಳಿಯದ್ದು ಈ ಹುಚ್ಚನಿಗೆ ತಿಳಿದಿತ್ತು. ತಿಳಿದೂ ಒಂದು ಮಾತು ಆಡದೆ, ಊರ ನಗೆಯನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡಿದ್ದ. ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಊಟದಲ್ಲಿ ಅವನ ರೊಟ್ಟಿಗೆ ಬೆಣ್ಣೆ ಒಂದಿಷ್ಟು ಜಾಸ್ತಿ ಬೀಳತೊಡಗಿತು, ಅಷ್ಟೇ.

ಕಡೆಗೊಂದು ದಿನ ಹುಬ್ಬಳ್ಳಿಯಿಂದ ಅವನ ಪಿಎಚ್.ಡಿ. ಗೈಡು ಮನೆ ನೋಡಲು ಬಂದರು. ಅವರು ಒಪ್ಪಿದರೆ ಪ್ರಬಂಧ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಇಷ್ಟು ದಿನದ ದುಡಿತ ಮತ್ತೆ ಮೊದಲಿಂದ. ಬಂದವರಿಗೆ ಎಲ್ಲ ಚೆನ್ನಾಗಿಯೇ ಕಂಡಿತು. ಯಾರು ಯಾವ ಕೋಣೆಗೆ ಹೋದರೂ ದೀಪ ತಾನೇ ಹತ್ತಿತು, ಬಿಟ್ಟು ಬಂದರೆ ತಾನೇ ಆರಿತು. ಗೈಡು ತಲೆದೂಗಿದರು. ಮಾವನವರ ಎದೆ ಉಬ್ಬಿತು. ನಾನು ಚಹಾ ತೆಗೆದುಕೊಂಡು ಪಡಸಾಲೆಗೆ ಬಂದೆ. ಅಷ್ಟರಲ್ಲಿ ನೆತ್ತಿಯ ಮೇಲಿನ ದೀಪ ಮಿಟುಕಿತು. ನಿಂತು, ಮತ್ತೆ ಮಿಟುಕಿತು.

"ಇದೇನಿದು?" ಅಂದರು ಗೈಡು.

"ದೋಷ ಸರ" ಅಂದ ಮೈದುನ.

"ಮನುಷ್ಯರು ಕೂತಿರುವಾಗಲೇ ದೀಪ ಆರಿಸುವ ಮನೆ ಎಂಥ ಸಂದರ್ಭ ಅರಿತಂತಾಯಿತು? ಇದನ್ನು ನಾನು ಮುಂದೆ ಕಳಿಸುವುದು ಹೇಗೆ?"

ಅವರ ಒಂದೊಂದು ಮಾತೂ ತುಟಿಯ ಮೇಲೆ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಇವನು ಹೇಳಬಹುದಿತ್ತು. ಇದೇ ನನ್ನ ಕೆಲಸದಲ್ಲೆಲ್ಲ ಹೆಚ್ಚಿನದು, ನೋಡಿರಿ ಅನ್ನಬಹುದಿತ್ತು. ನನ್ನ ಕಡೆ ಒಂದು ಸಲ ಬೆರಳು ತೋರಿಸಿದ್ದರೆ ಸಾಕಿತ್ತು. ಅವನು ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೆಲ ನೋಡುತ್ತ, "ತಗದು ಹಾಕ್ತೇನಿ ಸರ. ಮತ್ತ ಮೊದಲಿಂದ ಮಾಡ್ತೇನಿ" ಅಂದ.

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲ, ನನ್ನ ಒಡಹುಟ್ಟಿದವನೂ ಅಲ್ಲ. ಇವನ ಋಣವನ್ನು ಬೆಣ್ಣೆಯಲ್ಲಿ ತೀರಿಸಲು ಹೊರಟಿದ್ದೆನಲ್ಲ ಅಂತ ನಾಚಿಕೆಯಾಯಿತು. ಚಹಾದ ತಟ್ಟೆ ಕೆಳಗಿಟ್ಟೆ.

"ಅದು ದೋಷ ಅಲ್ರಿ ಸರ. ನನಗ ಕಿವಿ ಕೇಳಂಗಿಲ್ಲ. ಒಳಗ ನನ್ನ ಕೂಸು ಅಳಾಕತ್ತೈತಿ, ಅದನ್ನ ಈ ದೀಪ ನನಗ ಹೇಳಾಕತ್ತೈತಿ."

ಗೈಡು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಮೈದುನ ಏನು ಮಾಡಬೇಕೋ ತಿಳಿಯದೆ ಎಲ್ಲರ ಚಹಾಕ್ಕೂ ಸಕ್ಕರೆ ಹಾಕತೊಡಗಿದ. ಆಗಲೇ ಸಕ್ಕರೆ ಹಾಕಿದ ಚಹಾ ಅದು! ನಾನು ಹೆದರಿದ್ದು ಒಬ್ಬರಿಗೆ. ಅತ್ತೆಯವರು ನನ್ನ ಬಲಕ್ಕೆ ಕೂತಿದ್ದರು. ಅವರ ತುಟಿ ಅಲುಗಿತು. ಏನಂದರೋ ತಿಳಿಯಲಿಲ್ಲ.

"ಈ ಕಡೆ ಏನೂ ಕೇಳಂಗಿಲ್ರಿ" ಅಂದೆ.

ಅತ್ತೆಯವರು ಮೊಣಕಾಲಿಗೆ ಕೈ ಊರಿ ಎದ್ದರು. ನನ್ನನ್ನು ಸುತ್ತಿ ಎಡಕ್ಕೆ ಬಂದು, ಕಿವಿಗೆ ಬಾಯಿ ಹಚ್ಚಿ ಹೇಳಿದರು: "ನೀ ಕುಂದ್ರವಾ. ನಾ ನೋಡ್ತೇನಿ ಕೂಸಿನ್ನ."

ಹೆಗಲ ಮೇಲೆ ಕೈಯಿಟ್ಟು ನನ್ನನ್ನು ಕೂಡಿಸಿ ಒಳಗೆ ಹೋದರು. ಮೇಲೆ ದೀಪ ಇನ್ನೂ ಮಿಟುಕುತ್ತಲೇ ಇತ್ತು. ಎಲ್ಲರೂ ತಲೆಯೆತ್ತಿ ಅದನ್ನೇ ನೋಡುತ್ತ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಅದು ನಿಂತು ನೆಟ್ಟಗೆ ಉರಿಯತೊಡಗಿತು. ಒಳಗೆ ಅತ್ತೆಯವರು ನನ್ನ ಮಗಳನ್ನು ಎತ್ತಿಕೊಂಡಿದ್ದರು.